ಪರದೆ ಎರಡು ಮೂರು ಸೆಕೆಂಡು ಕಪ್ಪಾಗಿ ತಾನೇ ಮರಳುತ್ತದೆ, ಉಳಿದದ್ದೆಲ್ಲ ಸರಿಯಿದೆ

ಕಪ್ಪುಪರದೆ:
ಮೂರು ವಾರಗಳಿಂದ ನನ್ನ ಮನೆಯ ಡೆಸ್ಕ್‌ಟಾಪಿನ ಪರದೆ ದಿನಕ್ಕೆ ಹತ್ತು ಹನ್ನೆರಡು ಸಲ ಇದ್ದಕ್ಕಿದ್ದಂತೆ ಕಪ್ಪಾಗಿ, ಎರಡು ಮೂರು ಸೆಕೆಂಡುಗಳಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಮರಳಿ ಬರುತ್ತಿದೆ. ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದೆ, ವಿಂಡೋಸನ್ನೇ ಮರುಸ್ಥಾಪಿಸಿದೆ, ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ, ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಮತ್ತೆ ಕೂರಿಸಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಎಲ್ಲ ಭಾಗಗಳೂ ಎರಡು ವರ್ಷದೊಳಗಿನವು. ನನ್ನ ತಾಳ್ಮೆ ಮುಗಿದಿದೆ; ಯಾವ ಭಾಗವನ್ನು ಬದಲಿಸಬೇಕೆಂದು ದಯವಿಟ್ಟು ನೇರವಾಗಿ ಹೇಳಿ.

ಹನ್ನೆರಡುವೋಲ್ಟ್:
ಎಸ್‌ಎಂಪಿಎಸ್ (ಯಂತ್ರದ ಎಲ್ಲ ಭಾಗಗಳಿಗೂ ವಿದ್ಯುತ್ತು ಒದಗಿಸುವ ಪೆಟ್ಟಿಗೆ) ಬದಲಿಸಿ. ಕಾರ್ಡು ಒಮ್ಮೆಲೇ ಹೆಚ್ಚು ವಿದ್ಯುತ್ತು ಎಳೆದಾಗ 12 ವೋಲ್ಟಿನ ಸಾಲು ಕುಸಿಯುತ್ತದೆ, ಚಿತ್ರ ಹೋಗುತ್ತದೆ. ಇಂಥದ್ದನ್ನು ನಾನು ಹಲವು ಯಂತ್ರಗಳಲ್ಲಿ ಕಂಡಿದ್ದೇನೆ. ನಿಮ್ಮದು ಎಷ್ಟು ವ್ಯಾಟಿನದು?

ತಂತಿಜಾಡು:
ಭಾಗ ಬದಲಿಸುವ ಮೊದಲು ಕೆಲವು ವಿವರಗಳು ಬೇಕು. ಪರದೆ ಕಪ್ಪಾದಾಗ ಧ್ವನಿ ಮುಂದುವರಿಯುತ್ತದೆಯೇ? ಮಾನಿಟರು ‘ಸಿಗ್ನಲ್ ಇಲ್ಲ’ ಎಂದು ತೋರಿಸುತ್ತದೆಯೇ, ಅಥವಾ ಹಿಂಬೆಳಕು ಮಾತ್ರ ಆರುತ್ತದೆಯೇ? ಕಪ್ಪಾದ ಕ್ಷಣದಲ್ಲಿ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ದೋಷ ಹಿಂಬೆಳಕಿನದು. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರಿನಲ್ಲಿ 4101 ಸಂಖ್ಯೆಯ ದಾಖಲೆ ಇದೆಯೇ ಎಂಬುದನ್ನೂ ನೋಡಿ. ಗ್ರಾಫಿಕ್ಸ್ ಕಾರ್ಡು 2 ಸೆಕೆಂಡು ಪ್ರತಿಕ್ರಿಯಿಸದಿದ್ದರೆ ವಿಂಡೋಸ್ ಡ್ರೈವರನ್ನು ಮರುಚಾಲನೆ ಮಾಡಿ ಆ ಸಂಖ್ಯೆಯಲ್ಲಿ ಬರೆದಿಡುತ್ತದೆ. ಮುಖ್ಯವಾಗಿ, ಯಾವ ಕೇಬಲ್, ಎಷ್ಟು ಉದ್ದ, ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಸ್ (ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ)?

ಕಪ್ಪುಪರದೆ:
650 ವ್ಯಾಟ್. ಹಾಡು ನಿಲ್ಲುವುದಿಲ್ಲ, ಕೀಬೋರ್ಡಿನಲ್ಲಿ ಒತ್ತಿದ್ದೂ ದಾಖಲಾಗಿರುತ್ತದೆ. ಟಾರ್ಚ್ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. 4101 ಒಂದೂ ಇಲ್ಲ. 2560×1440, 144 ಹರ್ಟ್ಸ್. ಕೇಬಲ್ಲಿನ ವಿಷಯ ಬಿಡಿ, ಅದು ಹೊಸದು. ಮೇಜು ಬದಲಿಸಿದಾಗ ಹಳೆಯದು ಎಟುಕದ ಕಾರಣ 3 ಮೀಟರಿನ ಡಿಸ್‌ಪ್ಲೇಪೋರ್ಟ್ ಕೇಬಲ್ ತಂದೆ.

ಹನ್ನೆರಡುವೋಲ್ಟ್:
650 ಎಂದು ಬರೆದಿದ್ದ ಮಾತ್ರಕ್ಕೆ 650 ದೊರೆಯುತ್ತದೆ ಎಂದಲ್ಲ. 12 ವೋಲ್ಟಿನ ಸಾಲು 11.4 ರಿಂದ 12.6ರ ನಡುವೆ ಇರಬೇಕು. ಮಲ್ಟಿಮೀಟರ್ ಹಿಡಿದು ನೋಡಿ. ನಾನಂತೂ ಇಂಥ ತೊಂದರೆಗೆ ಅವಕಾಶವೇ ಬೇಡವೆಂದು 1000 ವ್ಯಾಟಿನದನ್ನು ಹಾಕಿಕೊಂಡಿದ್ದೇನೆ.

ಕಪ್ಪುಪರದೆ:
ನೋಡಿದೆ. ಗೇಮ್ ನಡೆಯುತ್ತಿರುವಾಗಲೂ 12.08ರ ಆಸುಪಾಸಿನಲ್ಲೇ ಇದೆ.

ಹನ್ನೆರಡುವೋಲ್ಟ್:
ಮಲ್ಟಿಮೀಟರಿಗೆ ಕ್ಷಣಿಕ ಕುಸಿತ ಕಾಣುವುದಿಲ್ಲ, ಅದಕ್ಕೆ ಆಸಿಲೋಸ್ಕೋಪ್ ಬೇಕು. ಬೇರೆಯವರಿಂದ ಎಸ್‌ಎಂಪಿಎಸ್ ತಂದು ಒಂದು ವಾರ ನಡೆಸಿ.

ಹಳೆಬೋರ್ಡು:
ಹಾಗಾದರೆ ಮಲ್ಟಿಮೀಟರ್ ಹಿಡಿಯಲು ಹೇಳಿದ್ದೇಕೆ? 12 ವೋಲ್ಟ್ ಚಿತ್ರವೇ ಹೋಗುವಷ್ಟು ಕುಸಿದಿದ್ದರೆ ಬಹುಮಟ್ಟಿಗೆ ಇಡೀ ಯಂತ್ರವೇ ನಿಂತು ಮರುಚಾಲನೆಯಾಗುತ್ತಿತ್ತು, ಯಂತ್ರ ಹಠಾತ್ತನೆ ನಿಂತದ್ದನ್ನು ಸೂಚಿಸುವ ಕರ್ನಲ್-ಪವರ್ 41 ದಾಖಲೆಯೂ ಈವೆಂಟ್ ವ್ಯೂವರಿನಲ್ಲಿ ಸಿಗುತ್ತಿತ್ತು. ಇಲ್ಲಿ ಹಾಡೇ ನಿಂತಿಲ್ಲ. ಡಿಸ್‌ಪ್ಲೇಪೋರ್ಟ್ ಬಿಟ್ಟು ಎಚ್‌ಡಿಎಂಐ ಕೇಬಲ್ಲಿಗೆ ಬದಲಿಸಿದರೆ ಮುಗಿಯಿತು.

ತಂತಿಜಾಡು:
ಎಚ್‌ಡಿಎಂಐ ಸರ್ವರೋಗಕ್ಕೆ ಮದ್ದಲ್ಲ. ಮಾನಿಟರಿನ ಎಚ್‌ಡಿಎಂಐ ಕಿಂಡಿ 1.4 ಆವೃತ್ತಿಯದ್ದಾಗಿದ್ದರೆ ಸೆಕೆಂಡಿಗೆ 10.2 ಗಿಗಾಬಿಟ್ ಮಾತ್ರ ಸಾಗುವುದರಿಂದ 1440 ಸಾಲುಗಳಿಗೆ 144 ಹರ್ಟ್ಸ್ ಬರುವುದೇ ಇಲ್ಲ. ಆದರೆ ಒಂದು ಪರೀಕ್ಷೆ ಬೇಕು: ಅದೇ ಕೇಬಲ್ಲಿನಲ್ಲಿ ಒಂದು ದಿನ 60 ಹರ್ಟ್ಸ್ ಇಟ್ಟು ನೋಡಿ, ಮತ್ತು ಪ್ರತಿ ಸಲ ಕಪ್ಪಾದಾಗ ನೀವು ಏನು ಮಾಡುತ್ತಿದ್ದಿರಿ ಎಂದು ಕಾಗದದಲ್ಲಿ ಬರೆದಿಡಿ.

ಹಳೆಬೋರ್ಡು:
ನಾನು ಹೇಳಿದ್ದು 2.0 ಕಿಂಡಿಯ ಬಗ್ಗೆ. ಎಲ್ಲರ ಮಾನಿಟರೂ ಅಷ್ಟು ಹಳೆಯದಿರುವುದಿಲ್ಲ.

ಕಪ್ಪುಪರದೆ:
ಎಸ್‌ಎಂಪಿಎಸ್ ಎರವಲು ತಂದು ನಾಲ್ಕು ದಿನ ನಡೆಸಿದೆ, ಸಮಸ್ಯೆ ಹಾಗೆಯೇ ಇದೆ. 60 ಹರ್ಟ್ಸಿನಲ್ಲಿ ಕಡಿಮೆಯಾಯಿತು, ನಿಲ್ಲಲಿಲ್ಲ. ಬರೆದಿಟ್ಟದ್ದನ್ನು ನೋಡಿದಾಗ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಎರಡು ಗಂಟೆ ಬಿಡದೆ ಗೇಮ್ ಆಡಿದಾಗ ಒಂದು ಸಲವೂ ಪರದೆ ಹೋಗಿಲ್ಲ. ‘ಫೋನ್ ತೆಗೆಯಲು ಎದ್ದೆ’, ‘ಬಾಗಿಲು ತೆರೆಯಲು ಎದ್ದೆ’, ‘ಬಂದು ಕುಳಿತೆ’ ಎಂಬಂಥ ಸಾಲುಗಳೇ ಹೆಚ್ಚು. ಕಾರ್ಡಿನ ಮೇಲೆ ಹೊರೆ ಬಿದ್ದಾಗ ಆಗಬೇಕಾದದ್ದು, ಹೊರೆಯೇ ಇಲ್ಲದಾಗ ಆಗುತ್ತಿದೆ.

ತಂತಿಜಾಡು:
ನಿಮ್ಮ ಕುರ್ಚಿ ಯಾವುದು?

ಕಪ್ಪುಪರದೆ:
ಹೊಸ ಮೇಜಿನ ಜೊತೆಗೇ ತಂದದ್ದು. ಸನ್ನೆ ಎಳೆದರೆ ಏರಿಳಿಯುವ, ಕೆಳಗೆ ಗ್ಯಾಸ್ ಕೊಳವೆಯಿರುವ ಚಕ್ರದ ಕುರ್ಚಿ. ಕಂಪ್ಯೂಟರಿಗೆ ಸಂಬಂಧವಿಲ್ಲವೆಂದು ಹೇಳಲಿಲ್ಲ.

ತಂತಿಜಾಡು:
ಸಂಬಂಧವಿರಬಹುದು. ಇಂಥ ಕುರ್ಚಿಯಿಂದ ಎದ್ದಾಗ ಅಥವಾ ಕುಳಿತಾಗ ಅದರ ಲೋಹದ ಭಾಗಗಳಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಹಾರಿ, ಕ್ಷಣಮಾತ್ರದ ವಿದ್ಯುತ್ಕಾಂತೀಯ ಸ್ಫೋಟವೊಂದು ಹೊರಡುತ್ತದೆ. ಹೊದಿಕೆ ಸರಿಯಿಲ್ಲದ ಉದ್ದನೆಯ ಕೇಬಲ್ ಅದನ್ನು ಆಂಟೆನಾದಂತೆ ಹಿಡಿದುಕೊಳ್ಳುತ್ತದೆ. ಆಗ ಕಾರ್ಡು ಮತ್ತು ಮಾನಿಟರಿನ ನಡುವಿನ ಹೊಂದಾಣಿಕೆ ತಪ್ಪಿ, ಸಂಪರ್ಕ ಮತ್ತೆ ಕುದುರುವವರೆಗೆ ಪರದೆ ಕಪ್ಪಾಗಿರುತ್ತದೆ. ಇದು ಹಲವು ಕಡೆ ದಾಖಲಾಗಿರುವ ತೊಂದರೆ. ಪರದೆಯನ್ನು ನೋಡುತ್ತಾ ಇಪ್ಪತ್ತು ಸಲ ಎದ್ದು ಕುಳಿತುಕೊಳ್ಳಿ, ನಂತರ ಮರದ ಕುರ್ಚಿಯಲ್ಲಿ ಅಷ್ಟೇ ಸಲ ಮಾಡಿ.

ಹನ್ನೆರಡುವೋಲ್ಟ್:
ಕುರ್ಚಿಯಿಂದ ಪರದೆ ಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಎರವಲು ತಂದ ಎಸ್‌ಎಂಪಿಎಸ್ ಯಾವ ದರ್ಜೆಯದು ಎಂಬುದನ್ನು ಮೊದಲು ತಿಳಿಸಿ.

ಕಪ್ಪುಪರದೆ:
ಹೊಸ ಕುರ್ಚಿಯಲ್ಲಿ ಇಪ್ಪತ್ತಕ್ಕೆ ಏಳು ಸಲ ಹೋಯಿತು. ಮರದ ಕುರ್ಚಿಯಲ್ಲಿ ಒಂದು ಸಲವೂ ಇಲ್ಲ. ಬೆನ್ನು ಪರದೆಯ ಕಡೆಗಿದ್ದಾಗ ನೋಡದೇ ಹೋದದ್ದೆಷ್ಟೋ. ಏಳುವಾಗ ಸೀಟಿನ ಬಟ್ಟೆ ಚಟಪಟ ಎನ್ನುವುದು ಕಿವಿಗೆ ಬೀಳುತ್ತದೆ, ಅದರ ಹಿಂದೆಯೇ ಪರದೆ ಕಪ್ಪಾಗುತ್ತದೆ. ಕೇಬಲ್ಲಿನ ಉಳಿಕೆ ಭಾಗವನ್ನು ನಾನು ಸುರುಳಿ ಸುತ್ತಿ, ಕುರ್ಚಿಯ ಚಕ್ರಗಳಿಂದ ಒಂದು ಗೇಣು ದೂರದಲ್ಲಿ ನೆಲದ ಮೇಲೆ ಬಿಟ್ಟಿದ್ದೆ.

ತಂತಿಜಾಡು:
ಆ ಸುರುಳಿಯನ್ನು ಇಂದೇ ಬಿಚ್ಚಿ ಮೇಜಿನ ಹಿಂಬದಿಗೆ ಎತ್ತಿ ಕಟ್ಟಿ. ಎರಡೂ ತುದಿಗೆ ಫೆರೈಟ್ ಉಂಗುರ (ಕೇಬಲ್ ಹಿಡಿದುಕೊಳ್ಳುವ ಇಂಥ ಅಡಚಣೆಯನ್ನು ತಗ್ಗಿಸುವ ಉಂಗುರ) ಹಾಕಿ. ಸಾಧ್ಯವಾದರೆ ಪ್ರಮಾಣೀಕೃತವಾದ ಚಿಕ್ಕ ಕೇಬಲ್ ತನ್ನಿ. ಗೋಡೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಬಂದಾಗ ಪರೀಕ್ಷಿಸಿ. ಅದು ಹೇಗೂ ಇರಲೇಬೇಕಾದದ್ದು.

ಕಪ್ಪುಪರದೆ:
ಒಂದೊಂದಾಗಿಯೇ ಮಾಡಿದೆ. ಕೇಬಲ್ ಎತ್ತಿ ಕಟ್ಟಿದ ಮೇಲೆ ಇಪ್ಪತ್ತಕ್ಕೆ ಮೂರು. ಫೆರೈಟ್ ಉಂಗುರ ಹಾಕಿದ ಮೇಲೆ ಎರಡು. ಸಿಪಿಯುವನ್ನು ಮೇಜಿನ ಮೇಲಕ್ಕೆ ತಂದು 1.5 ಮೀಟರಿನ ಪ್ರಮಾಣೀಕೃತ ಕೇಬಲ್ ಹಾಕಿ, 144 ಹರ್ಟ್ಸಿನಲ್ಲಿ ನಲವತ್ತು ಸಲ ಎದ್ದು ಕುಳಿತೆ, ಒಂದು ಸಲವೂ ಹೋಗಲಿಲ್ಲ. ಹನ್ನೊಂದು ದಿನಗಳಾದವು. ತಂತಿಜಾಡು ಅವರಿಗೆ ಮನಃಪೂರ್ವಕ ಧನ್ಯವಾದಗಳು. ಕೇಬಲ್ಲಿನ ಮತ್ತು ಕುರ್ಚಿಯ ವಿಷಯವನ್ನು ಮೊದಲೇ ಬರೆದಿದ್ದರೆ ನಿಮ್ಮೆಲ್ಲರ ಸಮಯ ಉಳಿಯುತ್ತಿತ್ತು.

ಹನ್ನೆರಡುವೋಲ್ಟ್:
ಕೇಬಲ್ ಎಂಬುದನ್ನು ಒಪ್ಪುತ್ತೇನೆ. ಕುರ್ಚಿಯ ವಿಷಯದಲ್ಲಿ ನನ್ನ ಸಂಶಯ ಉಳಿದಿದೆ.

ಮೂರನೆಕಿಂಡಿ:
ನನಗೂ ಇದೇ ತೊಂದರೆ, ಆದರೆ ನನ್ನದು ಮರದ ಕುರ್ಚಿ, ಕೇಬಲ್ 1 ಮೀಟರು. ಏನು ಬದಲಿಸಲಿ?

ತಂತಿಜಾಡು:
ಹಾಡು ನಿಲ್ಲುತ್ತದೆಯೇ? 4101 ಇದೆಯೇ? ಟಾರ್ಚ್ ಹಿಡಿದಾಗ ಏನು ಕಂಡಿತು?