ಪದ ಬೇಕಾಗಿದೆ: ಕನ್ವರ್ಷನ್ ಥೆರಪಿಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ)

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ಪುಣೆಯ ನಾಲ್ಕೈದು ಹುಡುಗರು ಕೈಯಿಂದ ದುಡ್ಡು ಹಾಕಿ ಒಂದು ಹಾರರ್ ಕಿರುಚಿತ್ರ ಮಾಡಿದ್ದಾರೆ. ಮಾತೆಲ್ಲ ಮರಾಠಿ. ಕನ್ನಡ ಸಬ್‌ಟೈಟಲ್ ಕೆಲಸ ನನ್ನ ಪಾಲಿಗೆ ಬಂದಿದೆ. ಶುಕ್ರವಾರ ಫೈಲ್ ಕೊಡಬೇಕು. ಮುಂದಿನ ವಾರ ಮುಂಬೈಯ ಮಾಟುಂಗದಲ್ಲಿ ನಮ್ಮ ಕನ್ನಡದವರಿಗೇ ತೋರಿಸುವುದಿದೆ. ಹೆಚ್ಚಿನವರು ಅಪ್ಪ ಅಮ್ಮಂದಿರ ವಯಸ್ಸಿನವರು.

ಕಥೆ ಇಷ್ಟು. ಹತ್ತೊಂಬತ್ತರ ಹುಡುಗ ತನಗೆ ಹುಡುಗರೇ ಇಷ್ಟ ಎಂದು ಮನೆಯಲ್ಲಿ ಹೇಳುತ್ತಾನೆ. ತಾಯಿ ಅವನನ್ನು ಲೋಣಾವಳಾದ ಹತ್ತಿರ ಒಬ್ಬ ಡಾಕ್ಟರ ಬಂಗಲೆಗೆ ಬಿಟ್ಟು ಬರುತ್ತಾಳೆ. ಅಲ್ಲಿ ದೆವ್ವ ಭೂತ ಏನೂ ಇಲ್ಲ. ಒಂದು ರಬ್ಬರ್ ಬ್ಯಾಂಡ್ ಇದೆ. ಅದನ್ನು ಹುಡುಗನ ಮಣಿಕಟ್ಟಿಗೆ ಹಾಕಿ ಎದುರಿಗೆ ಫೋಟೊ ಇಡುತ್ತಾರೆ. ಮನಸ್ಸು ಆ ಕಡೆ ಹೋಯಿತು ಅನ್ನಿಸಿದರೆ ತಾನೇ ಎಳೆದು ಬಿಡಬೇಕು. ಚಟ್. ಹೊರಗೆ ಮಳೆ, ಒಳಗೆ ಅದೊಂದೇ ಸದ್ದು. ಕೊನೆಕೊನೆಗೆ ನಿದ್ದೆಯಲ್ಲೂ ಅವನ ಬೆರಳು ಅದನ್ನೇ ಹುಡುಕುತ್ತದೆ. ಇದು ಸಿನಿಮಾಕ್ಕೆ ಕಟ್ಟಿದ್ದಲ್ಲ. ರಬ್ಬರ್ ಬ್ಯಾಂಡ್, ಕರೆಂಟ್ ಶಾಕ್, ವಾಂತಿ ಬರಿಸುವ ಔಷಧಿ, ಎಲ್ಲವನ್ನೂ ನಿಜವಾದ ಜನರ ಮೇಲೆ ಬಳಸಿದ್ದಾರೆ.

ನನ್ನ ಕಷ್ಟ ಪದದ್ದು. ಇಂಥ ಹುಡುಗರನ್ನು ಹೀಗೆ ಬದಲಿಸಲು ಹೊರಡುವುದಕ್ಕೇ ಇಂಗ್ಲಿಷಿನಲ್ಲಿ 'ಕನ್ವರ್ಷನ್ ಥೆರಪಿ' ಎನ್ನುತ್ತಾರೆ. ಅದಕ್ಕೆ 'ಪರಿವರ್ತನಾ ಚಿಕಿತ್ಸೆ' ಎಂದು ಹಾಕಿದೆ. ನಮ್ಮ ಅತ್ತೆ ಓದಿ, "ಯಾವ ಕಾಯಿಲೆಗೆ?" ಎಂದು ಕೇಳಿದರು. ಸಿನಿಮಾ ಹೇಳುವುದಕ್ಕೆ ಪೂರ್ತಿ ಉಲ್ಟಾ ಆಯಿತು, ಅಲ್ವಾ? ಮೊಬೈಲಿನ ಅನುವಾದಕ 'ಮತಾಂತರ ಚಿಕಿತ್ಸೆ' ಎನ್ನುತ್ತಿದೆ. ಪೋಸ್ಟರಿಗೆ ಒಂದು, ಮಾತಿಗೆ ಒಂದು ಪದ ಬೇಕು. ಒಂದು ಸಾಲಿಗೆ ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ಕೋಥ್ರೂಡ್, ಪುಣೆ:

ಪರಿವರ್ತನಾ ಚಿಕಿತ್ಸೆ. ಪತ್ರಿಕೆಯವರು ಬಳಸುತ್ತಿದ್ದಾರೆ. ಬಳಕೆಗೆ ಬಂದದ್ದನ್ನು ಸುಮ್ನೆ ಕೆದಕಬೇಡಿ.

ಠಾಣೆ:

ಎರಡೂ ಸಂಸ್ಕೃತ. ನಮ್ಮ ಅಜ್ಜಿಯರ ಬಾಯಲ್ಲಿ ಇಲ್ಲದ ಪದ ಅಪ್ಪ ಅಮ್ಮಂದಿರಿಗೆ ಹೇಗೆ ತಟ್ಟೀತು? 'ಒಲವು ಮಾರ್ಪಡಿಕೆ' ಎನ್ನಿ. ಚಿಕಿತ್ಸೆ ಬೇಕೇ ಬೇಕೆಂದರೆ 'ಮದ್ದು' ಇದೆ. ಮದ್ದು ಎಂದರೆ ಔಷಧಿ. 'ಮದ್ದು ಹಾಕಿದರು' ಎಂದರೆ ಅನ್ನದಲ್ಲಿ ಇಟ್ಟ ವಿಷ. ಕೋವಿಗೆ ತುಂಬುವುದೂ ಮದ್ದೇ. ಮೂರೂ ಅರ್ಥ ಹೊತ್ತ ಒಂದೇ ಪದ ಮನೆಯಲ್ಲೇ ಇರುವಾಗ ಸಾಲಕ್ಕೆ ಯಾಕೆ ಹೋಗುತ್ತೀರಿ? ನಿಮ್ಮ ಪತ್ರದಲ್ಲಿ ಹಾರರ್, ಫೈಲ್, ಸಬ್‌ಟೈಟಲ್, ಪೋಸ್ಟರ್. ಇಷ್ಟೊಂದು ಬೇಕಿತ್ತಾ?

ಮುಲುಂಡ್:

'ಮತಾಂತರ'ವನ್ನು ದಯವಿಟ್ಟು ಮುಟ್ಟಬೇಡಿ. ಈ ನೆಲದಲ್ಲಿ ಮತಾಂತರಕ್ಕೆ ಬೇರೆ ನೆನಪಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ತಮ್ಮ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ್ದನ್ನು ಮರಾಠಿಯಲ್ಲಿ 'ಧರ್ಮಾಂತರ' ಎನ್ನುತ್ತಾರೆ. ಅದು ಜನ ತಾವಾಗಿ, ತಲೆಯೆತ್ತಿ ಮಾಡಿದ ಕೆಲಸ. ಆ ಹುಡುಗನ ಗತಿಗೂ ಅದಕ್ಕೂ ಏನು ಸಂಬಂಧ?

ಇನ್ನು ಕೋಥ್ರೂಡಿನವರಿಗೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಪತ್ರ ಬರೆದು, ಈ ಕೆಲಸ ವೃತ್ತಿಯ ದುರ್ನಡತೆ ಎಂದು ಹೇಳಿದೆ. ವೈದ್ಯರ ಆಯೋಗವೇ ಒಪ್ಪದ್ದನ್ನು ನೀವು ಯಾಕೆ ಚಿಕಿತ್ಸೆ ಎನ್ನುತ್ತೀರಿ? ಆ ಪತ್ರದ ಹಿಂದೆ ಮದ್ರಾಸ್ ಹೈಕೋರ್ಟಿನ ಆದೇಶ ಇತ್ತು. ಅದೇ ಪ್ರಕರಣದಲ್ಲಿ ಕೋರ್ಟು ತಮಿಳಿಗೆ ಮರ್ಯಾದೆಯ ಪದಗಳು ಬೇಕು ಎಂದಿತು. 2022ರಲ್ಲಿ ತಮಿಳುನಾಡು ಸರ್ಕಾರ ಪದಪಟ್ಟಿಯನ್ನು ಗೆಜೆಟ್‌ನಲ್ಲಿ ಹಾಕಿತು. ಅಲ್ಲಿ ಸಲಿಂಗ ಒಲವಿಗೆ 'ತನ್‌ಪಾಲ್ ಈರ್ಪು' ಎನ್ನುತ್ತಾರೆ. ತನ್ನದೇ ಲಿಂಗದ ಕಡೆಗಿನ ಸೆಳೆತ. 'ಕಾಮ' ಎಂಬ ಮಾತೇ ಇಲ್ಲ. ನಾವು ಇನ್ನೂ 'ಸಲಿಂಗಕಾಮ' ಬರೆದುಕೊಂಡು ಕೂತಿದ್ದೇವೆ.

ಕೋಥ್ರೂಡ್, ಪುಣೆ:

ಕೋರ್ಟು ನಿಘಂಟು ಬರೆಯುವುದಿಲ್ಲ. ಜನ ಬರೆಯುತ್ತಾರೆ.

ಠಾಣೆ:

ತಮಿಳರು ತಮ್ಮ ಬೇರಿನಿಂದ ಪದ ಕಟ್ಟಿದರು, ಸಂಸ್ಕೃತಕ್ಕೆ ಹೋಗಲಿಲ್ಲ. ನಾನು ಹೇಳಿದ್ದೂ ಅದನ್ನೇ.

ಮುಲುಂಡ್:

ನೀವು ಹೇಳಿದ 'ಮಾರ್ಪಡಿಕೆ' ಅಚ್ಚ ಕನ್ನಡ, ಸರಿ. ನೋವು ಎಲ್ಲಿದೆ ಅದರಲ್ಲಿ? ಮೋಟರ್ ಸೈಕಲ್ಲಿಗೂ ಮಾರ್ಪಾಡು ಮಾಡಿಸುತ್ತಾರೆ.

ಡೊಂಬಿವಲಿಯಿಂದ:

ಎಲ್ಲರಿಗೂ ಉಪಕಾರ. ಬೇರಿನ ಜಗಳ ಆಮೇಲೆ ಆಡೋಣ, ನನಗೆ ಶುಕ್ರವಾರ ಹತ್ತಿರ ಬಂತು.

ನಿನ್ನೆ ರಾತ್ರಿ ಮರಾಠಿ ಮಾತನ್ನು ಮತ್ತೆ ಕೇಳಿದೆ. ತಾಯಿ ಎಲ್ಲೂ 'ಥೆರಪಿ' ಎನ್ನುವುದೇ ಇಲ್ಲ. ಬಂಗಲೆಯ ಬಾಗಿಲಲ್ಲಿ, ಕೈಯಲ್ಲಿ ಮಗನ ಚೀಲ ಹಿಡಿದು ಅವಳು ಹೇಳುವುದು, "ಯಾಚಂ ಹೇ ಸೋಡವಾ, ಡಾಕ್ಟರ್." ಮರಾಠಿಯಲ್ಲಿ ಕುಡಿತ ಬಿಡಿಸುವುದಕ್ಕೂ ಗಂಟು ಬಿಡಿಸುವುದಕ್ಕೂ 'ಸೋಡವಣೇ'. ಕನ್ನಡದಲ್ಲಿ 'ಬಿಡಿಸು' ಅಲ್ಲೇ ಕಾದಿತ್ತು. ಚಟ ಬಿಡಿಸುತ್ತೇವೆ, ದೆವ್ವ ಬಿಡಿಸುತ್ತೇವೆ. ಕೂಸಿಗೆ ಹಾಲು ಬಿಡಿಸುತ್ತೇವೆ, ಅದೂ ಪ್ರೀತಿಯಿಂದಲೇ. ತಾಯಿಯ ತಲೆಯಲ್ಲಿ ಇದೆಲ್ಲ ಒಟ್ಟಿಗೆ ಇದೆ. ಅವಳು ಕೆಟ್ಟವಳಲ್ಲ, ಮಗನಿಗೆ ಏನೋ ಅಂಟಿಕೊಂಡಿದೆ ಎಂದು ನಂಬಿದ್ದಾಳೆ. "ಇವನದ್ದು ಇದನ್ನ ಬಿಡಿಸಿ ಕೊಡಿ, ಡಾಕ್ಟ್ರೇ." ಮಾಟುಂಗದಲ್ಲಿ ಕೂತ ಅಮ್ಮಂದಿರಿಗೆ ಅರ್ಥ ಹೇಳಬೇಕಾಗಿಲ್ಲ.

ಇನ್ನೊಂದನ್ನು ನಾನು ಮೊದಲು ಗಮನಿಸಿರಲಿಲ್ಲ. ಕೊನೆಯಲ್ಲಿ ಅಕ್ಕ ರಾತ್ರಿ ಮಳೆಯಲ್ಲಿ ಗೇಟು ಹಾರಿ ಬಂದು ಅವನ ಮಣಿಕಟ್ಟು ಹಿಡಿಯುತ್ತಾಳೆ. ಬ್ಯಾಂಡಿನ ಕೆಳಗೆ ಚರ್ಮ ಸುಲಿದಿದೆ. ಉಗುರು ತಾಗದಂತೆ ಬ್ಯಾಂಡನ್ನು ಮೆಲ್ಲಗೆ ಹೊರಳಿಸಿ ತೆಗೆದು ಅವಳು ಹೇಳುವ ಮಾತಿನಲ್ಲೂ ಇರುವುದು ಅದೇ ಕ್ರಿಯಾಪದ. "ತುಲಾ ಸೋಡವಾಯಲಾ ಆಲೇ." ನಾನು ಮೊದಲು 'ಕಾಪಾಡೋಕೆ ಬಂದೆ' ಎಂದು ಬರೆದಿದ್ದೆ. ಈಗ 'ನಿನ್ನ ಬಿಡಿಸ್ಕೊಂಡು ಹೋಗೋಕೆ ಬಂದೆ' ಎಂದು ತಿದ್ದಿದ್ದೇನೆ. ತಾಯಿಯ ಬಾಯಲ್ಲಿ ಕೇಳಿದ ಪದ ಅಕ್ಕನ ಬಾಯಲ್ಲಿ ಬಿಡುಗಡೆ ಆಗಬೇಕು. ಚಿತ್ರ ಕಟ್ಟಿದವರು ಹಾಗೇ ಕಟ್ಟಿದ್ದಾರೆ, ನಾನು ಅದನ್ನು ಕಳೆಯಬಾರದು.

ಬಂಗಲೆಯ ಬೋರ್ಡಿಗೆ 'ಪರಿವರ್ತನಾ ಚಿಕಿತ್ಸಾ ಕೇಂದ್ರ' ಎಂದೇ ಇಡುತ್ತೇನೆ. ಆ ಮನುಷ್ಯ ತನ್ನ ಅಂಗಡಿಗೆ ಅಂಥ ಹೆಸರನ್ನೇ ಇಡುತ್ತಾನೆ. ಆದರೆ ಪೋಸ್ಟರ್ ನಮ್ಮ ಮಾತು. ಅಲ್ಲಿ ಚಿಕಿತ್ಸೆ ಬರಕೂಡದು. ಠಾಣೆಯವರ 'ಒಲವು' ತೆಗೆದುಕೊಂಡಿದ್ದೇನೆ, ನಿಜಕ್ಕೂ ಒಳ್ಳೆಯ ಪದ. 'ಮದ್ದು' ನನಗೂ ತುಂಬ ಹಿಡಿಸಿತು. ಆದರೆ ಪೋಸ್ಟರ್ ನೋಡಿ ಯಾರಾದರೂ 'ಮದ್ದು ಇದೆಯಂತೆ' ಎಂದು ಮಗನನ್ನು ಕರೆದುಕೊಂಡು ಹೊರಟರೆ? ಆ ಭಯಕ್ಕೆ ಬಿಟ್ಟೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಒಲವನ್ನು ತಿದ್ದುವ ಹಿಂಸೆ'.

ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುವಾಗ ಮಗುವಿನ ಕೈ ಹಿಡಿಯುತ್ತೇವೆ. ಹಾಗಾಗಿ 'ತಿದ್ದು' ಸ್ವಲ್ಪ ಮೆತ್ತಗಾಯಿತೇನೋ ಎಂಬ ಅನುಮಾನ ಇದೆ. ಪೋಸ್ಟರ್ ಅಚ್ಚಿಗೆ ಹೋಗುವುದು ನಾಳೆ ಸಂಜೆ ಆರಕ್ಕೆ. ಇದಕ್ಕಿಂತ ಗಟ್ಟಿ ಪದ ಹೊಳೆದರೆ ಅಷ್ಟರೊಳಗೆ ಬರೆಯಿರಿ.