ರಿಂಗ್ ಸ್ಲಿಂಗ್: ಎಷ್ಟು ಜಗ್ಗಿದರೂ ಕೆಳಂಚು ಬಿಗಿಯಾಗುತ್ತಿಲ್ಲ

ಕೂಸಿನಪ್ಪ_ಬಳ್ಳಾರಿ:
ತಲೆ ಕೆಟ್ಟುಹೋಗಿದೆ. ನಾಲ್ಕು ತಿಂಗಳ ಕೂಸು. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಎರಡು ರಿಂಗಿನ ಬಟ್ಟೆ ಈ ಸ್ಲಿಂಗ್. ಹಾಕಿಕೊಂಡು, ರಿಂಗಿನಿಂದ ಇಳಿಬಿದ್ದ ಸೆರಗು ಜಗ್ಗಿದರೆ ಮೇಲಂಚು ಕೂಸಿನ ಬೆನ್ನಿಗೆ ಒತ್ತುವಷ್ಟು ಬಿಗಿಯಾಗುತ್ತದೆ. ಕೆಳಗೆ ಮಾತ್ರ ಚೀಲದ ಹಾಗೆ ಜೋತು ಬೀಳುತ್ತದೆ. ವಿಡಿಯೋದಲ್ಲಿ ಆ ಹೆಣ್ಣುಮಗಳು ಒಂದೇ ಕೈಯಲ್ಲಿ ಸರ್ರಂತ ಎಳೆಯುತ್ತಾಳೆ, ನಾನು ಮೈಯೆಲ್ಲ ಬೆವರಿದರೂ ಬಟ್ಟೆ ಕದಲುವುದಿಲ್ಲ. ಎಲ್ಲಾ ಸರಿಯಾಗೇ ಮಾಡಿದ್ದೇನೆ. "ವಿಡಿಯೋ ನೋಡಿ" ಅಂತ ಮಾತ್ರ ಹೇಳಬೇಡಿ.

ಗಂಗಾವತಿ_ಅಕ್ಕ:
ಸೆರಗು ತಿರುಚಿಕೊಂಡಿದೆ ತಮ್ಮಾ. ಬೇರೆ ಏನೂ ಅಲ್ಲ. ಪೂರ್ತಿ ಬಿಚ್ಚಿ ಮತ್ತೆ ಹಾಕು. ಸೆರಗನ್ನು ನೆರಿಗೆ ಹಿಡಿದು, ಮೈ ಕಡೆಯಿಂದ ಹೊರಕ್ಕೆ, ಎರಡೂ ರಿಂಗಿನೊಳಗೆ ತೂರಿಸು. ಆಮೇಲೆ ಮೇಲಿನ ರಿಂಗ್ ದಾಟಿಸಿ ಕೆಳಗಿನ ರಿಂಗಿನೊಳಗೆ ಮಾತ್ರ ಇಳಿಸು. ಈಗ ನೆರಿಗೆ ಬಿಡಿಸಿ ರಿಂಗಿನ ತುಂಬ ಹರಡು. ಮೇಲಂಚು ಕತ್ತಿನ ಕಡೆ ಬರಬೇಕು, ಕೆಳಂಚು ತೋಳಿನ ಕಡೆ. ಒಂದರ ಮೇಲೊಂದು ಹತ್ತಿದರೆ ಮುಗೀತು ಕಥೆ.

ಕೂಸಿನಪ್ಪ_ಬಳ್ಳಾರಿ:
ಮಾಡಿದೆ. ಅದೇ ಹಾಡು.

ಗಂಗಾವತಿ_ಅಕ್ಕ:
ಹಾಗಾದರೆ ಬೆನ್ನ ಹಿಂದೆ ತಿರುಚಿದೆ. ಮನೆಯವರಿಗೆ ಹೇಳಿ ನೋಡಿಸು.

ಬಿಸಿಲೂರು_ರಾಯಚೂರು:
ಸರ್, ಸೆರಗನ್ನು ನೆಲದ ಕಡೆ ಜಗ್ಗುತ್ತಿದ್ದೀರಾ? ಹಾಗೆ ಮಾಡಿದರೆ ರಿಂಗ್ ಕಚ್ಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಕೂಸಿನ ಭಾರ ಸ್ವಲ್ಪ ಮೇಲಕ್ಕೆ ಎತ್ತಿ, ಇನ್ನೊಂದು ಕೈಯಲ್ಲಿ ಸೆರಗನ್ನು ಮುಂದಕ್ಕೆ ಎಳೆಯಿರಿ. ಇಡೀ ಸೆರಗು ಒಟ್ಟಿಗೆ ಬೇಡ, ಒಂದೊಂದು ಹಿಡಿ. ಕೆಳಂಚು ಬಿಗಿಯಾಗಬೇಕಾದರೆ ತೋಳಿನ ಕಡೆಯ ಹಿಡಿ. ಗೊಂದಲವಾದರೆ ಒಂದು ಅಂಚಿಗೆ ಕೆಂಪು ದಾರ ಓಡಿಸಿ. ರಿಂಗ್ ಶುರುವಿನಲ್ಲೇ ಭುಜದ ಹತ್ತಿರ ಎತ್ತರಕ್ಕೆ ಇರಲಿ, ಜಗ್ಗಿದ ಹಾಗೆ ಅದು ಇಳಿದು ಕಾಲರ್ ಮೂಳೆಯ ಕೆಳಗೆ ಬಂದು ಕೂರುತ್ತದೆ.

ಗಂಗಾವತಿ_ಅಕ್ಕ:
ತಿರುಚಿದ್ದನ್ನು ಬಿಡಿಸದೆ ಯಾವ ಕಡೆ ಎಳೆದರೇನು? ಫೋಟೋ ಹಾಕು ತಮ್ಮಾ.

ಜೋಳಿಗೆ_ಅಜ್ಜಿ:
ಇಷ್ಟೆಲ್ಲ ಯಾಕಪ್ಪಾ? ಹಳೇ ಸೀರೆ ಜೋಳಿಗೆ ಕಟ್ಟಿ ಅಡ್ಡ ಮಲಗಿಸಿದರೆ ಆಯಿತು. ನಮ್ಮದನ್ನೇ ಕದ್ದು ರಿಂಗ್ ಹಾಕಿ ನಮಗೇ ಮಾರುತ್ತಾರೆ.

ಬಿಸಿಲೂರು_ರಾಯಚೂರು:
ಅಮ್ಮಾ, ಜೋಳಿಗೆ ನಮ್ಮದೇ, ಒಪ್ಪಿದೆ. ರಿಂಗ್ ಹಾಕಿದ್ದು ಹವಾಯಿಯ ರೇನರ್ ಗಾರ್ನರ್ ಅನ್ನುವವರು, 1981ರಲ್ಲಿ. ಆದರೆ ಅಡ್ಡ ಮಲಗಿಸುವುದು ಬೇಡ. ಗದ್ದ ಎದೆಗೆ ಒತ್ತಿದರೆ ಕೂಸಿಗೆ ಉಸಿರು ಕಟ್ಟುತ್ತದೆ. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಅದರಲ್ಲೂ ನಾಲ್ಕು ತಿಂಗಳೊಳಗಿನ ಕೂಸುಗಳಿಗೆ ಜಾಸ್ತಿ ಅಪಾಯ ಅಂತ. ನೆಟ್ಟಗೆ, ಎದೆಗೆ ಎದೆ ಕೊಟ್ಟು ಕೂರಿಸಬೇಕು. ಮುಖ ಕಾಣಬೇಕು, ಗದ್ದದ ಕೆಳಗೆ ಎರಡು ಬೆರಳು ಹಿಡಿಸಬೇಕು.

ಜೋಳಿಗೆ_ಅಜ್ಜಿ:
ನಾವೆಲ್ಲ ಜೋಳಿಗೆಯಲ್ಲೇ ಬೆಳೆದವರು. ಯಾರಿಗೂ ಏನೂ ಆಗಿಲ್ಲ.

ಗಂಗಾವತಿ_ಅಕ್ಕ:
ಫೋಟೋ ಎಲ್ಲಿ?

ಹೊಲಿಗೆಮನೆ_ಕೊಪ್ಪಳ:
ಅಣ್ಣಾ, ಸುಮ್ನೆ ಕೇಳುತ್ತೇನೆ, ಬಟ್ಟೆ ಯಾವುದು? ರಿಂಗ್ ಎಷ್ಟು ಇಂಚು?

ಕೂಸಿನಪ್ಪ_ಬಳ್ಳಾರಿ:
ಜೀನ್ಸ್ ಬಟ್ಟೆ. ಬಳ್ಳಾರಿಯಲ್ಲಿ ಇನ್ನೇನು ಹೊಲಿಸುತ್ತಾರೆ? ಮಾವನ ಯೂನಿಟ್‌ನಲ್ಲೇ ಹೊಲಿದದ್ದು. ಗಟ್ಟಿ ಇರಲಿ ಅಂತ ಅಂಚು ಪ್ಯಾಂಟಿನ ಹಾಗೆ ಎರಡು ಸಲ ಮಡಚಿ ಜೋಡಿ ಹೊಲಿಗೆ ಹಾಕಿಸಿದೆ. ರಿಂಗ್ ಎರಡಿಂಚು. ಇದನ್ನು ಯಾರೂ ಕೇಳಲೇ ಇಲ್ಲವಲ್ಲ.

ಹೊಲಿಗೆಮನೆ_ಕೊಪ್ಪಳ:
ಅಲ್ಲಿದೆ ನೋಡಿ. ಎರಡು ಸಲ ಮಡಚಿದರೆ ಅಂಚು ಮೂರು ಪದರ. ರಿಂಗಿನಲ್ಲಿ ಅದು ಹೋಗುತ್ತಾ ಮೂರು, ವಾಪಸ್ ಬರುತ್ತಾ ಮೂರು. ಜೀನ್ಸ್ ದಪ್ಪಕ್ಕೆ ಎರಡಿಂಚಿನಲ್ಲಿ ಜಾಗವೇ ಇಲ್ಲ. ತೋಳಿನ ಕಡೆ ಅದು ಮುದ್ದೆಯಾಗಿ ಸಿಕ್ಕಿಕೊಂಡಿದೆ, ಅದಕ್ಕೇ ಕೆಳಂಚು ಬರುತ್ತಿಲ್ಲ. ಇನ್ನೊಂದು ಮಾತು. ರಿಂಗಿನ ಸುತ್ತ ಉಗುರು ಓಡಿಸಿ ನೋಡಿ. ಎಲ್ಲಾದರೂ ತಡೆಯುತ್ತದಾ?

ಕೂಸಿನಪ್ಪ_ಬಳ್ಳಾರಿ:
ಒಂದು ಕಡೆ ಬೆಸುಗೆ ಗಂಟು ಇದೆ. ದನದ ಹಗ್ಗಕ್ಕೆ ಹಾಕುವ ರಿಂಗ್, ಹಾರ್ಡ್‌ವೇರ್ ಅಂಗಡಿಯದು. ಹೋರಿಯನ್ನೇ ತಡೆಯುತ್ತೆ, ನಮ್ಮ ಕೂಸು ಯಾವ ಲೆಕ್ಕ?

ಹೊಲಿಗೆಮನೆ_ಕೊಪ್ಪಳ:
ಅದರಲ್ಲಿ ಕೂಸನ್ನು ಹಾಕಬೇಡಿ. ಇವತ್ತಿಂದಲೇ. ಬೆಸುಗೆ ಬಿಟ್ಟರೆ ಒಮ್ಮೆಲೇ ಬಿಡುತ್ತದೆ. ಬಿಡದಿದ್ದರೂ ಆ ಗಂಟು ದಿನಾ ಬಟ್ಟೆಯನ್ನು ಉಜ್ಜಿ ಹರಿಯುತ್ತದೆ. ಸ್ಲಿಂಗ್‌ಗೆ ಅಂತಲೇ ಜೋಡಣೆ ಇಲ್ಲದ ಅಲ್ಯೂಮಿನಿಯಂ ರಿಂಗ್ ಬರುತ್ತದೆ, ಮೂರಿಂಚಿನದು ತರಿಸಿ. ಜೀನ್ಸ್ ಬಿಡಿ. ತೆಳು ಕೈಮಗ್ಗದ ಹತ್ತಿ ಸಾಕು, ಅಂಚು ಸಣ್ಣಗೆ ಮಡಚಿ ಒಂದೇ ಹೊಲಿಗೆ. ರೇಷ್ಮೆ, ಪಾಲಿಯೆಸ್ಟರ್ ಬೇಡ, ಜಾರುತ್ತವೆ.

ಬಿಸಿಲೂರು_ರಾಯಚೂರು:
ಈ ಬಿಸಿಲಲ್ಲಿ ಕೂಸಿಗೆ ಜೀನ್ಸಾ! ನನ್ನ ಹತ್ತಿರ ಲಿನನ್‌ದು ಎರಡು, ಖಾದಿದು ಒಂದು, ಮದುವೆಗೆ ಅಂತ ಇಳಕಲ್ ಅಂಚು ಕೂರಿಸಿದ್ದು ಒಂದು ಇದೆ. ಲಿನನ್ ಮೊದಲು ಹಪ್ಪಳದ ಹಾಗೆ ಇತ್ತು, ಒಗೆದು ಒಗೆದು ಈಗ ಬೆಣ್ಣೆ. ಫೋಟೋ ಹಾಕಲಾ?

ಗಂಗಾವತಿ_ಅಕ್ಕ:
ಇಳಕಲ್ ಅಂಚು ರಿಂಗಿನಲ್ಲಿ ಜಾರಲ್ವಾ?

ಬಿಸಿಲೂರು_ರಾಯಚೂರು:
ಅಂಚು ಸೆರಗಿನ ತುದಿಗೆ ಮಾತ್ರ ಅಕ್ಕಾ. ರಿಂಗಿಗೆ ಬರುವುದೇ ಇಲ್ಲ.

ಕೂಸಿನಪ್ಪ_ಬಳ್ಳಾರಿ:
ರಿಂಗ್ ಆರ್ಡರ್ ಹಾಕಿದೆ. ಮಾವನಿಗೆ ಏನು ಹೇಳುವುದು ಗೊತ್ತಾಗುತ್ತಿಲ್ಲ, ಯೂನಿಟ್‌ನವರಿಗೆಲ್ಲ ತೋರಿಸಿಕೊಂಡು ಬಂದಿದ್ದಾರೆ. ಅಂಚು ಬಿಚ್ಚಿಸಿ ಅದೇ ಬಟ್ಟೆಗೆ ಮೂರಿಂಚಿನ ರಿಂಗ್ ಹಾಕಬಹುದಾ?

ಹೊಸಬ_ಸಿಂಧನೂರು:
ಮಧ್ಯೆ ಬಂದೆ, ಕ್ಷಮಿಸಿ. ಸ್ಲಿಂಗ್‌ನಲ್ಲಿ ಕೂಸನ್ನು ಹಾಕಿಕೊಂಡು ಸ್ಕೂಟಿ ಓಡಿಸಬಹುದಾ? ಸಂತೆಗೆ ಹೋಗಿಬರುವಷ್ಟು ದೂರ ಮಾತ್ರ.

ಹೊಲಿಗೆಮನೆ_ಕೊಪ್ಪಳ:
ಇಲ್ಲ. ಓಣಿಯೊಳಗೂ ಇಲ್ಲ. ಸ್ಲಿಂಗ್ ಇರುವುದು ನಡೆದಾಡುವುದಕ್ಕೆ. ಕೂಸಿನಪ್ಪ ಅವರೇ, ಅಂಚು ಬಿಚ್ಚಿಸಿ ನೋಡಬಹುದು, ಆದರೆ ಬಟ್ಟೆ ಎಷ್ಟು ಔನ್ಸಿನದು, ಅಂದರೆ ಎಷ್ಟು ತೂಕದ್ದು, ಅಂತ ಮಾವನನ್ನು ಕೇಳಿ ಹೇಳಿ. ಪ್ಯಾಂಟಿನ ದಪ್ಪ ಇದ್ದರೆ ಸುಮ್ನೆ ಕೈಚೀಲ ಹೊಲಿಸಿಬಿಡಿ.