ಅಪ್‌ಡೇಟ್: ಜನರೇಟರ್‌ನಿಂದ ಈಗ ಗಾಡಿ ಚಾರ್ಜ್ ಆಗುತ್ತಿದೆ

ಸಕಲೇಶಪುರದ ತೋಟದಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಎಲೆಕ್ಟ್ರಿಕ್ ಸರಕು ಗಾಡಿಗೆ ಪೆಟ್ರೋಲ್ ಜನರೇಟರ್ ಜೋಡಿಸಿದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ, ಏಕೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು, ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಅನೇಕ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್‌ಗೂ (ವಿದ್ಯುತ್ ಮರಳುವ ತಂತಿ) ಅರ್ತ್‌ಗೂ (ನೆಲಕ್ಕೆ ಜೋಡಿಸುವ ಸುರಕ್ಷತೆಯ ತಂತಿ) ಸಂಪರ್ಕವೇ ಇರುವುದಿಲ್ಲ. ಅರ್ತಿಂಗ್ ಕಾಣದೆ ಚಾರ್ಜರ್ ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಜನರೇಟರ್ ಬಳಿಯೇ ಎರಡನ್ನೂ ಜೋಡಿಸಿ, ಅರ್ತ್ ಸರಳನ್ನು ಒದ್ದೆ ಮಣ್ಣಿಗೆ ಇಳಿಸಿದರು. ಹಸಿರು ದೀಪ ಹತ್ತಿತು! ಅದೇ ಜನರೇಟರ್‌ನಿಂದ ಮನೆಗೂ ವಿದ್ಯುತ್ ಕೊಡುವವರು ಮೊದಲು ಎಲೆಕ್ಟ್ರಿಷಿಯನ್‌ರನ್ನು ಕೇಳಿ, ಇದು ಜೀವದ ಪ್ರಶ್ನೆ.

ಆದರೆ 10 ಆಂಪಿಯರ್‌ನಲ್ಲಿ ಗಂಟೆಗೆ ಸಿಗುವುದು 2.3 ಯೂನಿಟ್; 21 ಯೂನಿಟ್‌ನ ಬ್ಯಾಟರಿಗೆ ರಾತ್ರಿಯಿಡೀ ಪೆಟ್ರೋಲ್ ಸುಡಬೇಕು. ನನಗೆ ಮನಸ್ಸೊಪ್ಪುವುದಿಲ್ಲ. ಇನ್ವರ್ಟರ್ ಸಹಿತ 5 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇನೆ. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು 20 ಯೂನಿಟ್ ಬರುತ್ತದೆ. ಮಳೆಗಾಲಕ್ಕೆ ಮಾತ್ರ ಜನರೇಟರೇ ಗತಿ.